ಹಿನ್ನೀರು ಕುಡಿದ ಕಾರಿಗೆ ಬಣ್ಣ ಹಚ್ಚಿದ್ದು

ನಮ್ಮ ಮನೆಯ ಆರು ಚಹಾ ಚಮಚಗಳಲ್ಲಿ ಒಂದರ ಹಿಡಿಕೆ ಕಡು ಹಸಿರು. ಸೀಮೆಎಣ್ಣೆ, ಹುಣಸೆಹಣ್ಣು, ಬೂದಿ ಯಾವುದಕ್ಕೂ ಅದು ಜಗ್ಗಲಿಲ್ಲ. ಮನೆಗೆ ಯಾರಾದರೂ ಬಂದಾಗ ನನ್ನ ಹೆಂಡತಿ ನೀಲವ್ವ ಅದೇ ಚಮಚವನ್ನು ಬೇಕಂತಲೇ ಮುಂದಿಡುತ್ತಾಳೆ ಎಂದು ನನ್ನ ಗುಮಾನಿ. ಬಂದವರು ಕೇಳುತ್ತಾರೆ: "ಇದೇನ್ರಿ, ಚಮಚಕ್ಕೂ ಬಣ್ಣ ಹಚ್ಚೀರಿ?" ಆಕೆ ಗದ್ದದಿಂದ ನನ್ನನ್ನು ತೋರಿಸಿ, "ಅವರನ್ನ ಕೇಳ್ರಿ, ಹೇಳತಾರ" ಎಂದು ಒಳಗೆ ಹೋಗಿಬಿಡುತ್ತಾಳೆ. ಇಷ್ಟು ದಿನ ಏನೋ ಒಂದು ಹೇಳಿ ಮಾತು ಹಾರಿಸುತ್ತಿದ್ದೆ. ಇವತ್ತು ನಿಮ್ಮೆದುರು ಪೂರ್ತಿ ಹೇಳಿಬಿಡುತ್ತೇನೆ. ಎಪ್ಪತ್ತು ದಾಟಿದವನಿಗೆ ಮಾನ ಹೋದೀತೆಂಬ ಭಯ ಕಡಿಮೆಯಾಗಿರುತ್ತದೆ.

ಆ ಚಮಚದಿಂದ ನಾನು ಒಂದು ಅಂಬಾಸಿಡರ್ ಕಾರಿನ ಬಣ್ಣ ಕಲಸಿದ್ದೆ. ನಮ್ಮ ರಬಕವಿಯ ಮನೆಯ ಅಂಗಳದಲ್ಲೇ ನಿಲ್ಲಿಸಿಕೊಂಡು, ಆರು ತಿಂಗಳು ತುಕ್ಕು ತಿಕ್ಕಿ, ಬಣ್ಣ ಹೊಡೆದ ಕಾರು. ಆದರೆ ಕಾರು ನನ್ನದಲ್ಲ. ಅದಕ್ಕೆ ತುಕ್ಕು ಹಿಡಿಸಿದವನು ಮಾತ್ರ ನಾನೇ.

ನಾವು ನೂಲಿಗೆ ಬಣ್ಣ ಹಾಕುವ ಮನೆತನದವರು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಓಣಿ ಇಲ್ಲ. ಆ ಮಗ್ಗಗಳಿಗೆ ಹೋಗುವ ನೂಲು ನಮ್ಮಂಥವರ ಹಂಡೆಯಲ್ಲಿ ಮುಳುಗೆದ್ದು ಹೋಗಬೇಕು. ನನ್ನ ಅಪ್ಪನ ಕೈ ಮೊಣಕೈವರೆಗೆ ಒಂದು ದಿನ ಕುಂಕುಮ, ಒಂದು ದಿನ ನೇರಳೆ. ಸಾಲೆಯಲ್ಲಿ ಮಾಸ್ತರರು ನನ್ನ ಕಿವಿ ಹಿಂಡುವ ಮೊದಲು ಕಿವಿಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದರು, ಬಣ್ಣ ತಮ್ಮ ಬೆರಳಿಗೆ ಹತ್ತೀತೆಂದು. ನನ್ನ ಪುಸ್ತಕಗಳ ಅಂಚಿನಲ್ಲಿ ಅಪ್ಪನ ಹೆಬ್ಬೆರಳು ಎಲ್ಲ ಬಣ್ಣಗಳಲ್ಲೂ ಇತ್ತು. ಆ ಪುಸ್ತಕಗಳನ್ನೇ ಓದಿ ನಾನು ಮೆಟ್ರಿಕ್ ಪಾಸಾದೆ, ಎರಡನೆಯ ಸಲಕ್ಕೆ. ಅಷ್ಟಕ್ಕೇ ಓಣಿಯವರು ನನ್ನನ್ನು ಓದಿದವನು ಎಂದು ಕರೆಯುತ್ತಿದ್ದರು. ಓದಿದವನು ಸುಳ್ಳು ಹೇಳಿದರೆ ಜನ ಬೇಗ ನಂಬುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅಪ್ಪ ಕಲಿಸಿದ ಪಾಠ ಒಂದೇ. ಹಂಡೆಯಿಂದ ನೂಲಿನ ಲಡಿ ಎತ್ತಿ ಹಿಂಡಿ ತೋರಿಸುತ್ತಿದ್ದ. "ನೋಡು, ಹಸೀದ್ರಾಗ ಇಷ್ಟು ಕಪ್ಪು ಕಾಣಬೇಕು. ಬಿಸಲಿಗೆ ಒಣಗಿದ ಮ್ಯಾಲ ತಿಳಿ ಆಗತೈತಿ. ಗಿರಾಕಿ ಕೇಳಿದ ಬಣ್ಣಕ್ಕಿಂತ ಒಂದು ಕೈ ಮುಂದ ಹೋಗಿ ನಿಲ್ಲು, ಒಣಗಿ ಅದು ತಾನ ಹಿಂದ ಬರತೈತಿ." ನಲವತ್ತು ವರ್ಷ ಈ ಮಾತು ನನಗೆ ಒಮ್ಮೆಯೂ ಮೋಸ ಮಾಡಲಿಲ್ಲ. ಕಾರಿನ ಹತ್ತಿರ ಬಂದಾಗ ಮಾಡಿತು. ಅಲ್ಲಿಗೆ ಆಮೇಲೆ ಬರೋಣ.

ಕಾರು ನನ್ನ ಗೆಳೆಯ ಬೀರಪ್ಪನದು. ಅನಗವಾಡಿ ಕಡೆ, ಹೊಳೆಯ ದಂಡೆಯ ಊರಿನವನು. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅವನಪ್ಪ ಅರ್ಧ ಹಿಂಡು ಮಾರಿ ಆ ಹಳೆಯ ಗಾಡಿ ಕೊಂಡಾಗ ಊರೇ ನಕ್ಕಿತ್ತಂತೆ. ಎಳೆ ಸವತೆಕಾಯಿಯಂಥ ತಿಳಿ ಹಸಿರು ಬಣ್ಣ. ಅದರ ಹಾರ್ನು ಥೇಟ್ ಹೋತದ ದನಿ. ಬೀರಪ್ಪ ಅದನ್ನು ಹೋತ ಅಂತಲೇ ಕರೆಯುತ್ತಿದ್ದ. "ಕುರಿ ಕೊಟ್ಟು ತಂದೇವಿ, ಮತ್ತೇನು ಬರತೈತಿ? ಹೋತಾನ ಬರತೈತಿ." ಮದುವೆ ಸೀಜನ್ನಿನಲ್ಲಿ ಅದು ಮದುಮಕ್ಕಳನ್ನು ಹೊತ್ತರೆ, ಉಳಿದ ದಿನ ನಾನು ಸಂತೆಗೆ ಒಯ್ದು ಮಾರುತ್ತಿದ್ದ ಸೀರೆ ಗಂಟುಗಳನ್ನು ಹೊರುತ್ತಿತ್ತು. ಜಮಖಂಡಿ, ಮುಧೋಳ, ಬೀಳಗಿ ಸಂತೆಗಳಿಗೆ ನಾನೂ ಅವನೂ ಹೋಗದ ವಾರ ಇರಲಿಲ್ಲ. ಕಾರು ನಡೆಸುವುದನ್ನು ನನಗೆ ಕಲಿಸಿದವನೂ ಅವನೇ. ಹೊಳೆಯ ಉಸುಕಿನಲ್ಲಿ ಕಲಿಸಿದ. ಉಸುಕಿನಲ್ಲಿ ಬ್ರೇಕಿನ ಅಗತ್ಯವೇ ಬೀಳದ್ದರಿಂದ ಅದೊಂದನ್ನು ನಾನು ನಿಧಾನವಾಗಿ ಕಲಿತೆ.

ಈ ಬ್ರೇಕಿನಿಂದಲೇ ಎಲ್ಲ ಶುರುವಾಯಿತು. ಒಂದು ಮದುವೆಯಲ್ಲಿ ನನ್ನ ಬೀಗರೆಲ್ಲ ನಿಂತಿರುವಾಗ, ಗಾಡಿ ನಾನೇ ನಡೆಸುತ್ತೇನೆಂದು ಕೀಲಿ ಕೇಳಿದೆ. ಬೀರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಲೇ ಗುರುಪಾದ, ಮಗ್ಗದ ಮಂದಿ ಕಾಲಿಗೆ ತುಳಿಯೂದು ಗೊತ್ತು, ನಿಲ್ಲಸೂದು ಗೊತ್ತಿಲ್ಲ. ಸುಮ್ನ ಕೂಡು." ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೀಗಿತಿಯೂ ಸೆರಗಿನಲ್ಲಿ ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ ಅದು ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಉಳಿದುಕೊಂಡಿತು.

ನಮ್ಮದು ಬಾಗಲಕೋಟೆ ಜಿಲ್ಲೆಯಾಗಿ ಇನ್ನೂ ಬಹಳ ವರ್ಷವಾಗಿರಲಿಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸತೊಡಗಿದ್ದರು. ದಂಡೆಯ ಊರುಗಳವರು ಗಂಟುಮೂಟೆ ಕಟ್ಟಿ, ಮೇಲೆ ದಿಬ್ಬದ ಮೇಲಿನ ಹೊಸ ಊರಿಗೆ ಹೋಗುತ್ತಿದ್ದರು. ಬಾಗಿಲು, ತೊಲೆ, ಕಿಟಕಿ ಎಲ್ಲ ಕಿತ್ತು ಚಕ್ಕಡಿಯಲ್ಲಿ ಹೇರುತ್ತಿದ್ದರು. ಆ ಮಳೆಗಾಲ ಬೀರಪ್ಪ ಹಿಂಡಿನ ಜೊತೆ ದೂರದ ಬಯಲಿಗೆ ಹೋಗಿದ್ದ. ಮನೆಯಲ್ಲಿ ಇದ್ದವನು ತಮ್ಮ ಸಿದ್ದಪ್ಪ. ಅವನಿಗೆ ಕುರಿ ಗೊತ್ತು, ಕಂಬಳಿ ನೇಯುವುದು ಗೊತ್ತು, ಕಾರು ಗೊತ್ತಿಲ್ಲ. ಒಂದು ಮುಂಜಾನೆ ನಮ್ಮ ಓಣಿಯ ಅಂಗಡಿಗೆ ಅವನ ಫೋನು ಬಂತು.

"ಅಣ್ಣಾರ, ನೀರು ಕೆಳಗಿನ ಹೊಲಕ್ಕ ಬಂದೈತ್ರಿ. ಗಾಡಿ ಮನಿ ಮುಂದ ನಿಂತೈತಿ. ನೀವು ಬಂದು ಮ್ಯಾಲ ತಂದು ನಿಲ್ಲಸ್ರಿ. ಅಣ್ಣ ನಿಮಗ ಹೇಳಂದಾನ."

"ನಾಳೆ ಬರ್ತೇನಿ ತಗೋ" ಎಂದೆ.

ಹೋಗಲಿಲ್ಲ. ಹಂಡೆಯಲ್ಲಿ ನೂಲು ಇತ್ತು, ಬಿಟ್ಟು ಹೋಗಲು ಆಗಲಿಲ್ಲ ಎಂದು ನನಗೆ ನಾನೇ ಹತ್ತಾರು ಸಲ ಹೇಳಿಕೊಂಡಿದ್ದೇನೆ. ಹಂಡೆ ಅವತ್ತು ಖಾಲಿ ಇತ್ತು. ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದೆ. 'ಬ್ರೇಕ್ ಗೊತ್ತಿಲ್ಲದವನನ್ನ ಈಗ ಕರೀತಾರ' ಎಂದುಕೊಂಡು, ಇನ್ನೊಂದು ದಿನ ಕಾಯಲಿ ಎಂದು ಕೂತೆ. ಮರುದಿನವೂ ಕೂತೆ. ಮೂರನೆಯ ದಿನ ಹೋದಾಗ ಹೋತ ಬಾಗಿಲ ಹಿಡಿಕೆಯವರೆಗೆ ನೀರಿನಲ್ಲಿ ನಿಂತಿತ್ತು. ಸಿದ್ದಪ್ಪ ಸೊಂಟದ ತನಕ ಇಳಿದು, ಎರಡು ಜೋಡಿ ಎತ್ತು ಕಟ್ಟಿ ಎಳೆಸುತ್ತಿದ್ದ. ನನ್ನನ್ನು ನೋಡಿ ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟ, ಅಷ್ಟೆ.

ಬೀರಪ್ಪ ತಿರುಗಿ ಬಂದಾಗ ಹೊಸ ಊರಿನಲ್ಲಿ ಕಾರಿನೆದುರು ಮೂವರೂ ನಿಂತಿದ್ದೆವು. ಬಾಗಿಲು ತೆಗೆದರೆ ಒಳಗಿಂದ ಹೊಳೆಯ ವಾಸನೆ. "ಯಾಕಪಾ, ನಿನಗ ಹೇಳಿ ಕಳಿಸಿರಲಿಲ್ಲೇನು?" ಎಂದು ನನ್ನನ್ನು ಕೇಳಿದ. ಬಾಯಿಗೆ ಬಂದದ್ದು ಇದು: "ನಾ ಮರುದಿನಾನ ಹೊರಟು ನಿಂತಿದ್ದೆ. ಸಿದ್ದಪ್ಪ ಮತ್ತ ಫೋನು ಮಾಡಿ, ಬ್ಯಾಡ, ನಾವ ಎತ್ತು ಕಟ್ಟಿ ಎಳಸ್ತೇವಿ ಅಂದ."

ಸಿದ್ದಪ್ಪ ನನ್ನ ಮುಖ ನೋಡಿದ. "ಸುಳ್ಳ" ಎಂದ. ಮನೆಯೊಳಗೆ ಹೋಗಿ ಭಂಡಾರದ ಚೀಲ ತಂದ. ಭಂಡಾರ ಎಂದರೆ ದೇವರ ಅರಿಶಿನ ಪುಡಿ; ಬೀರೇಶ್ವರನ ಒಕ್ಕಲಿನವರು ಅದನ್ನು ಮುಟ್ಟಿ ಸುಳ್ಳಾಡುವುದಿಲ್ಲ. "ನಾ ಮುಟ್ಟಿ ಹೇಳತೇನಿ. ಅವರೂ ಮುಟ್ಟಲಿ" ಎಂದು ಚೀಲದ ಬಾಯಿ ಬಿಚ್ಚಿದ.

ನನ್ನ ಕೈ ಹಿಂದಕ್ಕೆ ಹೋಯಿತು. "ಅದು ನಿಮ್ಮ ಮನೀ ಪದ್ಧತಿ. ನಾವು ನೇಕಾರ ಮಂದಿ, ನನ್ನ್ಯಾಕ ಎಳೀತೀರಿ?" ಎಂದೆ. ಬೀರಪ್ಪನಿಗೆ ನನ್ನೆದುರು ನಾಚಿಕೆಯಾಯಿತು. ತಮ್ಮನ ಕೈಯಿಂದ ಚೀಲ ಕಸಿದುಕೊಂಡು ಗಂಟು ಹಾಕಿದ. "ಬಂದ ಮಂದೀನ್ನ ದೇವರ ಮುಂದ ನಿಲ್ಲಸ್ತಾರೇನಲೇ? ತಪ್ಪು ನಿಂದು, ಒಪ್ಪಕೋ" ಎಂದ. ನನ್ನ ಮಾನ ಉಳಿಸಲು ಅವನು ಸ್ವಂತ ತಮ್ಮನನ್ನು ಸುಳ್ಳುಗಾರ ಮಾಡಿದ. ನಾನು ನಿಂತು ನೋಡಿದೆ. ಆಮೇಲೆ ಅವರ ಮನೆಯಲ್ಲೇ ರೊಟ್ಟಿ ಉಂಡು ಬಂದೆ.

ಅಣ್ಣ-ತಮ್ಮ ಹೊಸ ಊರಿನ ಎರಡು ತುದಿಗಳಲ್ಲಿ ಮನೆ ಕಟ್ಟಿದರು. ಒಂಬತ್ತು ವರ್ಷ ಮಾತಿಲ್ಲ. ಎದುರಿಗೆ ಬಂದರೆ ಒಬ್ಬ ಕುರಿ ಎಣಿಸುತ್ತಿದ್ದ, ಒಬ್ಬ ಮೋಡ ನೋಡುತ್ತಿದ್ದ. ಕಾರು ಬೀರಪ್ಪನ ಹಿತ್ತಲಿನ ಜಾಲಿಯ ಕೆಳಗೆ ನಿಂತಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಬೀರಪ್ಪ ಅದರ ಕಡೆ ಮುಖ ಹಾಕುತ್ತಿರಲಿಲ್ಲ. ಗುಜರಿಯವರು ಬರುತ್ತಾರೆ ಎಂದು ಅವನು ಒಂದು ದಿನ ಹೇಳಿದಾಗ, "ನನಗ ಕೊಡು, ರಿಪೇರಿ ಮಾಡಿ ನಿನಗ ತಂದು ಕೊಡತೇನಿ" ಎಂದು ನನ್ನ ಬಾಯಿ ಹೇಳಿತು. ಅವನು ನಕ್ಕ. "ಒಯ್ಯಿ. ಕೋಳಿ ಇಳಿಸಿ ಒಯ್ಯಿ."

ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಹೋತ ರಬಕವಿಗೆ ಬಂದಾಗ ಓಣಿಯ ಮಂದಿಯೆಲ್ಲ ಮಗ್ಗ ನಿಲ್ಲಿಸಿ ಹೊರಗೆ ಬಂದರು. "ಏನ್ರಿ ಕಾಕಾ, ನೂಲು ಬಿಟ್ಟು ಕಬ್ಬಿಣಕ್ಕ ಬಣ್ಣ ಹಾಕಾವ್ರೇನು?" ಹೌದೆಂದೆ. ಕೈಹಂಡೆಯ ಬಣ್ಣಕ್ಕೆ ಕೆಲಸ ಕಡಿಮೆಯಾಗಿತ್ತು. ನನಗೂ ಕೈಗೆ ಏನಾದರೂ ಬೇಕಾಗಿತ್ತು.

ತಂತಿಬ್ರಷ್ಷು, ಉಸುಕಿನ ಕಾಗದ, ಸೀಮೆಎಣ್ಣೆ. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಅಪ್ಪನ ಕೈಯಂತೆ ಕೆಂಪಾಗಿರುತ್ತಿತ್ತು. ಅಪ್ಪನದು ಬಣ್ಣ, ನನ್ನದು ತುಕ್ಕು. ಕಾಲಿಡುವ ಜಾಗದ ತಗಡು ಹಪ್ಪಳದಂತೆ ಉದುರಿ, ಕೂತಲ್ಲಿಂದ ಅಂಗಳದ ಇರುವೆ ಕಾಣುತ್ತಿತ್ತು. ಮಗ್ಗದ ಬಿಡಿಭಾಗ ಬೆಸೆಯುವ ಬನಹಟ್ಟಿಯ ವೆಲ್ಡರ್ ಬಂದು ಹೊಸ ತಗಡು ಕೂರಿಸಿದ. ಎಂಜಿನ್ನನ್ನು ಜಮಖಂಡಿಯ ಮಿಸ್ತ್ರಿಯೊಬ್ಬ ಬಿಚ್ಚಿ, ಒಳಗಿನ ಹೂಳು ನೋಡಿ, "ಇದರಾಗ ಜ್ವಾಳಾ ಬಿತ್ತಬಹುದಿತ್ತು" ಎಂದ; ಆದರೂ ತೊಳೆದು ಜೋಡಿಸಿ ಓಡುವಂತೆ ಮಾಡಿಕೊಟ್ಟ.

ಹೂಳು ಸಿಕ್ಕಿದ್ದು ಎಂಜಿನ್ನಿನಲ್ಲಷ್ಟೇ ಅಲ್ಲ. ಬಾಗಿಲುಗಳ ಒಳಹಲಗೆ ಬಿಚ್ಚಿದ ದಿನ ಬುಟ್ಟಿಗಟ್ಟಲೆ ಕರಿಮಣ್ಣು ಸುರಿಯಿತು. ನಡುನಡುವೆ ಸಣ್ಣ ಶಂಖದ ಚಿಪ್ಪುಗಳು. ನೀಲವ್ವ ಒಂದು ಚಿಪ್ಪು ಎತ್ತಿ ನೋಡಿದಳು.

"ಇಷ್ಟು ಮಣ್ಣು ಒಂದು ದಿನಕ್ಕ ಬಂದು ಕೂಡೂದಿಲ್ರಿ. ಎಷ್ಟು ದಿನ ಇತ್ತು ನೀರಾಗ?"

"ಇತ್ತು, ಎರಡು ದಿನ."

"ಫೋನು ಬಂದ ಮುಂಜಾನಿ ನೀರು ಹೊಲದಾಗಿತ್ತು ಅಂದ್ರಿ. ಮತ್ತ ನೀವು ಕಟ್ಟಿ ಮ್ಯಾಲ ಕುಂತಿದ್ರೆಲ್ಲ? ನಾನ ಚಹಾ ತಂದು ಕೊಟ್ಟಿದ್ನಿ."

ಹೆಂಡತಿಯರು ಯಾವ ಚಹಾ ಯಾವಾಗ ಕೊಟ್ಟೆವೆಂಬುದನ್ನು ಮರೆಯುವುದಿಲ್ಲ. ಮಣ್ಣಿನ ಬುಟ್ಟಿಯ ಪಕ್ಕ ಕೂತು ಆಕೆಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಎದ್ದು ಸೆರಗಿನ ಮಣ್ಣು ಝಾಡಿಸಿದಳು. "ಕೈ ತೊಳಕೊಂಡು ಬಸ್ಸಿಗೆ ಹೋಗ್ರಿ. ಹೇಳಿ ಬರ್ರಿ."

"ಮುಗಿಯಲಿ. ಬಣ್ಣ ಆಗಲಿ. ಗಾಡಿ ತಗೊಂಡ ಹೋಗಿ ಹೇಳತೇನಿ."

"ಅಂದ್ರ ಲಂಚ ಒಯ್ಯಾವ್ರು."

ಮೂರು ದಿನ ನನಗೆ ರೊಟ್ಟಿ ಬಡಿಸಿದ ಕೈ ಮಾತ್ರ ಕಂಡಿತು, ಮಾತು ಕೇಳಲಿಲ್ಲ. ಆಕೆ ಹೇಳಿದ್ದು ಖರೆ ಇತ್ತು. ಒಂದು ಗೀರು ಉಳಿದರೂ ಇನ್ನೊಂದು ವಾರ ತಿಕ್ಕುತ್ತಿದ್ದೆ. ಗೀರಿನೊಳಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ತಿಕ್ಕಿ, ಮತ್ತೆ ತುಂಬಿ. ಅಷ್ಟು ನಯ ಯಾವ ಕಾರಿಗೂ ಬೇಕಾಗಿರಲಿಲ್ಲ. ಕಾರು ಹೊಸದಾಗಿ ಹೊಳೆಯುತ್ತ ಬಾಗಿಲ ಮುಂದೆ ನಿಂತರೆ, ಆ ಖುಷಿಯಲ್ಲಿ ಬೀರಪ್ಪನಿಗೆ ನನ್ನ ಮಾತು ಅರ್ಧ ಕೇಳಿಸದೆ ಹೋದೀತು ಎಂಬುದು ನನ್ನ ಲೆಕ್ಕ.

ಕೊನೆಗೆ ಬಣ್ಣದ ದಿನ ಬಂತು. ಅಡಿಬಣ್ಣವಾಗಿ ಕೆಂಪು ಅಸ್ತರು ಹೊಡೆದಾಗಿತ್ತು. ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆ, ಕಿಟಕಿ ಗಾಜಿಗೆಲ್ಲ ಪೇಪರು ಅಂಟಿಸಿದೆ. ಬನಹಟ್ಟಿಯಿಂದ ಗಾಳಿ ಯಂತ್ರ, ಪಿಚಕಾರಿ ಬಂದವು. ಅಂಗಡಿಯವನು ಬಣ್ಣವನ್ನು ತಾನೇ ಕಲಸಿ ಕೊಡುತ್ತೇನೆಂದ. ನಾನು ನಕ್ಕೆ. ನನಗೆ ಬಣ್ಣ ಕಲಸಿ ಕೊಡುತ್ತಾನಂತೆ! ಬಿಳಿ, ಹಸಿರು, ಹಳದಿ ಡಬ್ಬಿ ತಂದು, ಅಡಿಗೆಮನೆಯ ಚಮಚದ ಹಿಡಿಕೆಯಿಂದ ಕಲಸಿದೆ. ಡಬ್ಬಿಯಲ್ಲಿ ಸವತೆಕಾಯಿ ಬಣ್ಣ ಬಂದೇಬಿಟ್ಟಿತು. ಆಗ ಅಪ್ಪನ ಮಾತು ನೆನಪಾಯಿತು. ಹಸಿಯಲ್ಲಿ ಒಂದು ಕೈ ಮುಂದೆ ಹೋಗಬೇಕು. ಹಸಿರು ಇನ್ನೊಂದಿಷ್ಟು ಸುರಿದೆ, ಸ್ವಲ್ಪ ಕಪ್ಪೂ ಹಾಕಿದೆ. ಒಣಗಿ ತಾನೇ ಹಿಂದಕ್ಕೆ ಬರುತ್ತದೆ.

ಬರಲಿಲ್ಲ. ನೂಲು ಒಣಗಿದರೆ ತಿಳಿಯಾಗುತ್ತದೆ. ಕಾರಿನ ಬಣ್ಣ ಒಣಗಿದರೆ ಇನ್ನಷ್ಟು ಗಾಢವಾಗುತ್ತದಂತೆ. ಬಣ್ಣದಂಗಡಿಯ ಹುಡುಗರಿಗೂ ಗೊತ್ತಿದ್ದದ್ದು ನಲವತ್ತು ವರ್ಷದ ಬಣ್ಣಗಾರನಿಗೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸವತೆಕಾಯಿ ಹೋಗಿ, ಹಾಳು ಬಾವಿಯ ಪಾಚಿ ಬಂದು ನಿಂತಿತ್ತು. ನೀಲವ್ವ ಬಾಗಿಲಲ್ಲಿ ನಿಂತು ನೋಡಿ, ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು.

ಮರುದಿನವೇ, ಸಂತೆಗೆ ಬಂದಿದ್ದ ಬೀರಪ್ಪ ಹೇಳದೆ ಕೇಳದೆ ಅಂಗಳಕ್ಕೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬದನೆಕಾಯಿ ಚೀಲ. ಕಾರಿನ ಸುತ್ತ ಒಂದು ಸುತ್ತು ಬಂದ.

"ಲೇ ಗುರುಪಾದ, ಇದ ಯಾರ ಗಾಡೀಲೇ? ನನ್ನ ಹೋತ ಎಲ್ಲಿ? ಇದು ಎಮ್ಮಿ ಆಗೇತೆಲ್ಲೋ!"

ನನ್ನ ಲಂಚ ನನ್ನ ಕಣ್ಣೆದುರೇ ಕೆಟ್ಟು ನಿಂತಿತ್ತು. ಇನ್ನು ಮುಂದೆ ಮಾಡಲು ನನ್ನ ಬಳಿ ಬೇರೆ ಏನೂ ಇರಲಿಲ್ಲ. ತಿಕ್ಕಲು ತುಕ್ಕು ಇಲ್ಲ, ತುಂಬಲು ಗೀರು ಇಲ್ಲ. ಬಾಗಿಲಲ್ಲಿ ನೀಲವ್ವ ಕೈಕಟ್ಟಿ ನಿಂತಿದ್ದಳು.

"ಬೀರಪ್ಪ, ಸಿದ್ದಪ್ಪ ನನಗ ಬ್ಯಾಡ ಅಂದಿರಲಿಲ್ಲ. ಅಂವ ಬಾ ಅಂದಿದ್ದ. ನಾನ ಹೋಗಲಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಮದುವೆಯ ದಿನದ ಮಾತು, ಕಟ್ಟೆಯ ಎಲೆ-ಅಡಿಕೆ, ಖಾಲಿ ಹಂಡೆ, ಎಲ್ಲ. ಹೇಳುತ್ತ ಹೋದಂತೆ ಅವನ ಮುಖದ ನಗು ಎಲ್ಲಿ ಇತ್ತೋ ಅಲ್ಲೇ ಒಣಗಿತು. ಬದನೆಕಾಯಿ ಚೀಲ ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಚಲೋ ಆಗುತ್ತಿತ್ತು.

"ಒಂದು ಮಾತಿಗೇನು?" ಎಂದ. "ಚ್ಯಾಷ್ಟಿ ಮಾಡಿದ್ನೆಲ್ಲೋ ನಾ. ಒಂದು ಚ್ಯಾಷ್ಟಿ ಮಾತಿಗೆ?"

"ಹೌದು."

ಅವನು ಕಾರಿನ ಗಾಜಿನ ಪೇಪರು ಪರಪರ ಹರಿದ. "ಕೀಲಿ ಕೊಡು. ಹತ್ತು ಒಳಗ. ನನಗ ಹೇಳಿದ್ದು ಅವಗ ಹೇಳು ನಡಿ."

ಜಮಖಂಡಿ ದಾಟಿ ಬೀಳಗಿ ರಸ್ತೆಯಲ್ಲಿ ಬಾಡಗಂಡಿಯ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಬೀರಪ್ಪ ಹಾರ್ನು ಒತ್ತಿದ. ಹೋತ ಕೂಗಿತು. ಅವನ ತುಟಿ ಒಮ್ಮೆ ಅಲುಗಿದ್ದನ್ನು ನಾನು ನೋಡಿದೆ, ನೋಡದಂತೆ ಕೂತೆ.

ಸಿದ್ದಪ್ಪ ಮನೆಯ ಮುಂದೆ ಉಣ್ಣೆ ಹಿಂಜುತ್ತಿದ್ದ. ಕಾರನ್ನೂ ಅದರಿಂದ ಇಳಿದ ಅಣ್ಣನನ್ನೂ ನೋಡಿ ಎದ್ದು ನಿಂತ. ನಾನು ನಿಂತಲ್ಲೇ ಹೇಳಿದೆ. ಅವನ ಹೆಂಡತಿಯೂ ಬಾಗಿಲಿಗೆ ಬಂದಳು. ಆಕೆಗೂ ಕೇಳುವಂತೆ ಹೇಳಿದೆ. ತಪ್ಪಾಯಿತು ಎಂದೆ. ಆ ಶಬ್ದ ಇಷ್ಟು ಸಣ್ಣದು ಎಂದು ನನಗೆ ಅವತ್ತು ಗೊತ್ತಾಯಿತು.

ಸಿದ್ದಪ್ಪ ನನ್ನ ಕಡೆ ನೋಡಲೇ ಇಲ್ಲ. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ನೀವು ಹೊರಗಿನವರು" ಎಂದ. ನನಗೆ ಅದೇ ದೊಡ್ಡ ಏಟು. ಆಮೇಲೆ ಅಣ್ಣನ ಕಡೆ ತಿರುಗಿದ. "ನೀ ನನ್ನ ಕೈಯಾಗಿನ ಭಂಡಾರ ಕಸಗೊಂಡಿ. ಮುಟ್ಟಾಕ ಬಿಡಲಿಲ್ಲ."

ಬೀರಪ್ಪ ತಲೆ ತಗ್ಗಿಸಿದ. ಹೆಗಲ ಕಂಬಳಿ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. "ಹೌದಪಾ. ನಿನ್ನ ಬಿಟ್ಟು ಅವನ್ನ ನಂಬಿದ್ನಿ" ಎಂದ.

ಸಿದ್ದಪ್ಪ ಬಗ್ಗಿ ಕಂಬಳಿ ಎತ್ತಿದ. ಅದರ ಅಂಚನ್ನು ಬೆರಳಲ್ಲಿ ತಿರುವಿ ನೋಡಿದ. "ಎಲ್ಲಿಂದ ತಂದಿ ಇದನ್ನ? ನೇಯ್ಗಿ ಸಡ್ಲ ಐತಿ. ಒಂದು ಮಳಿ ತಡೆಯೂದಿಲ್ಲ" ಎಂದ. ಒಂಬತ್ತು ವರ್ಷದ ಮೇಲೆ ಅವನು ಅಣ್ಣನ ಹತ್ತಿರ ಜಗಳ ಬಿಟ್ಟು ಬೇರೊಂದು ವಿಷಯ ಮಾತಾಡಿದ್ದು ಅದೇ ಮೊದಲು. ಅವನ ಹೆಂಡತಿ ಒಳಗೆ ಹೋಗಿ ಚಹಾಕ್ಕಿಟ್ಟಳು. ನನಗೂ ಒಂದು ಕಪ್ಪು ಬಂತು; ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟಳು. ಅಷ್ಟು ಸಾಕಿತ್ತು. ಕುಡಿದೆ.

ಹೊರಡುವಾಗ ಹೋತ ಕೈಕೊಟ್ಟಿತು. ಕೀಲಿ ತಿರುವಿದರೆ ಟಿಕ್ ಎನ್ನುತ್ತದೆ, ಅಷ್ಟೆ. ಬ್ಯಾಟರಿ ಮಲಗಿತ್ತು.

"ದಬ್ಬಬೇಕು" ಎಂದ ಬೀರಪ್ಪ. "ಗುರುಪಾದ, ನೀ ಸ್ಟೇರಿಂಗ್ ಹಿಡಿ."

"ನಾ ಒಂದು ಕಡಿ ದಬ್ಬತೇನಿ ತಡಿ" ಎಂದು ಸಿದ್ದಪ್ಪ ಧೋತರ ಮೇಲೆ ಕಟ್ಟಿದ.

ನಾನು ಗೇರು ಹಾಕಿ, ಕ್ಲಚ್ ಒತ್ತಿ ಹಿಡಿದು ಕೂತೆ. ದಬ್ಬಿ ಹತ್ತಿಸುವ ಗಾಡಿಯ ಗುಟ್ಟು ಅದರಲ್ಲೇ ಇದೆ: ವೇಗ ಬಂದ ಕೂಡಲೇ ಕ್ಲಚ್ ಬಿಟ್ಟರೆ ಎಂಜಿನ್ ಹತ್ತುತ್ತದೆ. ಹಿಂದಿನಿಂದ ಇಬ್ಬರ ಉಸಿರು, ಚಪ್ಪಲಿಯ ಸದ್ದು.

"ಜೋರ ದಬ್ಬಲೇ, ಉಣ್ಣಾಂಗಿಲ್ಲೇನು ನೀ?"

"ನೀ ಒರಗಿ ನಿಂತೀಯೋ, ದಬ್ಬಾಕತ್ತೀಯೋ? ಮೊದಲಿಂದನೂ ಹಿಂಗ ನೀ. ಎಮ್ಮಿ ಬಣ್ಣ ಹಚ್ಚಿಸ್ಕೊಂಡು ಬಂದಾನ ನೋಡು."

"ನಾ ಹಚ್ಚಿಸಿಲ್ಲೋ ಮಾರಾಯಾ, ಅಂವ ಹಚ್ಚ್ಯಾನ!"

"ನೀ ಯಾಕ ಬಿಟ್ಟಿ?"

ಹತ್ತು ಮಾರು ಹೋಗುವಷ್ಟರಲ್ಲೇ ಬೇಕಾದ ವೇಗ ಬಂದಿತ್ತು. ಕಾಲು ಎತ್ತಿದ್ದರೆ ಎಂಜಿನ್ ಹತ್ತುತ್ತಿತ್ತು. ನಾನು ಎತ್ತಲಿಲ್ಲ. ಆ ಊರಿನ ರಸ್ತೆ ನೇರ, ಉದ್ದ. ಒಂದು ತುದಿಗೆ ಸಿದ್ದಪ್ಪನ ಮನೆ, ಇನ್ನೊಂದು ತುದಿಗೆ ಬೀರಪ್ಪನದು. ಇಬ್ಬರೂ ಬೈದಾಡುತ್ತ, ಏದುಸಿರು ಬಿಡುತ್ತ, ನಡುವೆ ಒಮ್ಮೆ ನಗುತ್ತ ಆ ಉದ್ದಕ್ಕೂ ನನ್ನನ್ನು ದಬ್ಬಿಕೊಂಡು ಬಂದರು. ಬೀರಪ್ಪನ ಮನೆಯ ಬಾಗಿಲು ಬಂದಾಗ ಕ್ಲಚ್ ಬಿಟ್ಟೆ.

ಇದೊಂದು ತಪ್ಪನ್ನು ಅವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.